ಗುಂಡಮ್ಮನ ತೂಕ

ತಾಯಿ-ಮಗುವಿನ ವಾರ್ಡು,
ಬುಧವಾರ ಮಧ್ಯಾಹ್ನ

ಅಮ್ಮಾ,

ಸಿಟ್ಟು ಇನ್ನೂ ಪೂರ್ತಿ ಇಳಿಯದ ಮಗಳ ನಮಸ್ಕಾರ. ನೀನು ಆರೋಗ್ಯವಾಗಿದ್ದೀಯ ಎಂದು ಗೊತ್ತು, ಮೊನ್ನೆ ನನ್ನನ್ನು ಬೈದ ದನಿಯಲ್ಲೇ ತಿಳಿಯಿತು. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸಂಜೆ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ಕಾಗದಕ್ಕೆ ನೀನು ಅಡ್ಡಬಾಯಿ ಹಾಕಲಾರೆ.

ನಾಳೆ ಗುಂಡಮ್ಮನ ತೂಕ ನೋಡುತ್ತಾರೆ. ಕಡ್ಡಿಯಂತಿರುವ ನನ್ನ ಮಗಳಿಗೆ ಇಲ್ಲಿನ ಸಿಸ್ಟರುಗಳು ಇಟ್ಟ ಹೆಸರು ಅದು. ತೂಕ ಏರಿದ್ದರೆ ಅವಳು ನನ್ನ ಜೊತೆ ಇಲ್ಲೇ ಇರುತ್ತಾಳೆ. ಏರದಿದ್ದರೆ, ನಾನು ಚೇತರಿಸಿಕೊಳ್ಳುವವರೆಗೆ ಅವಳನ್ನು ನಿನ್ನ ಮನೆಗೆ ಕಳಿಸುತ್ತಾರೆ. ನೀನು ಆಗಲೇ ತೊಟ್ಟಿಲು ತರಿಸಿಟ್ಟಿದ್ದೀಯಂತೆ, ಅಪ್ಪ ಹೇಳಿದರು. ಅದನ್ನು ಸದ್ಯಕ್ಕೆ ಅಟ್ಟ ಹತ್ತಿಸು. ನಾನು ಅವಳನ್ನು ಬಿಟ್ಟುಕೊಡುವುದಿಲ್ಲ.

ಹೋದ ವಾರ ತೂಕ ಯಾಕೆ ಇಳಿಯಿತು ಎಂದು ಹೇಳಿಬಿಡುತ್ತೇನೆ. ನಶೆಯ ಹಂಬಲ ತಡೆಯಲು ನನಗೆ ದಿನಾ ಬೆಳಿಗ್ಗೆ ಒಂದು ಮಾತ್ರೆ ಕೊಡುತ್ತಾರೆ. ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಅದೂ ಒಂದು ಚಟವೇ ಕಣೇ, ಅದನ್ನು ತಿಂದು ಮಗುವಿಗೆ ಹಾಲಲ್ಲಿ ವಿಷ ಕುಡಿಸ್ತಿದೀಯ ಎಂದು ನೀನು ಫೋನಿನಲ್ಲಿ ಅತ್ತುಬಿಟ್ಟೆ. ನಿನ್ನ ಬೈಗುಳ ನನಗೆ ಅಭ್ಯಾಸ, ನಿನ್ನ ಅಳು ಮಾತ್ರ ತಡೆಯಲಾಗಲಿಲ್ಲ. ಹಾಲು ಶುದ್ಧವಾಗಲಿ ಎಂದು, ಸಿಸ್ಟರ್ ಅತ್ತ ತಿರುಗಿದಾಗ ಮಾತ್ರೆಯನ್ನು ಕರ್ಚೀಫಿಗೆ ಉಗಿದೆ. ಮರುದಿನವೂ ಉಗಿದೆ. ಆಮೇಲೆ ಮೈಯೆಲ್ಲ ನಡುಕ, ತಿಂದದ್ದೆಲ್ಲ ವಾಂತಿ. ಹಾಲು ಬತ್ತಿತು. ಗುಂಡಮ್ಮ ಹಸಿದು ಕಿರುಚಿದಳು, ನನಗೆ ಹಳೆಯ ನಶೆ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಹೊರಬಾಗಿಲಿನವರೆಗೆ ಹೋದೆ ಅಮ್ಮಾ. ಅವಳು ತೋಳಿನಲ್ಲೇ ಇದ್ದಳು, ಅದಕ್ಕೇ ತಿರುಗಿ ಬಂದೆ.

ವಾರ್ಡಿನ ತಾಯಂದಿರ ಊಟ, ಮಕ್ಕಳ ಹಾಲು ನೋಡಿಕೊಳ್ಳುವವರೊಬ್ಬರಿದ್ದಾರೆ. ನಾವು ಊಟದ ಮೇಡಂ ಎನ್ನುತ್ತೇವೆ. ಅವರ ಹತ್ತಿರ ಬಾಯಿಬಿಟ್ಟೆ. ಚೆನ್ನಾಗಿ ಮಂಗಳಾರತಿ ಮಾಡಿ, ಕೈಹಿಡಿದು ಡಾಕ್ಟರ ಬಳಿ ಕರೆದೊಯ್ದರು. ಈ ಮಾತ್ರೆ ಹಾಲಿಗೆ ಸೇರೋದು ತೀರಾ ಕಡಿಮೆ, ತಪ್ಪಿಸದೆ ತಗೊಂಡು ಬೇರೇನೂ ಮುಟ್ಟದಿದ್ರೆ ಧಾರಾಳವಾಗಿ ಹಾಲೂಡಿಸು ಎಂದು ಡಾಕ್ಟರು ಹೇಳಿದರು. ಮೊದಲು ನಿನ್ನ ತಟ್ಟೆ ಖಾಲಿಯಾಗ್ಲಿ, ಆಮೇಲೆ ಮಗು ಎಂದರು ಮೇಡಂ. ಮಾತ್ರೆ ಉಗಿಯುವ ಬುದ್ಧಿ ಯಾರು ಹೇಳಿಕೊಟ್ಟರು ಎಂದೂ ಕೇಳಿದರು. ನನಗೇ ಹೊಳೆದದ್ದು ಅಂದೆ.

ಈಗ ನಾನು ಉಣ್ಣುವುದನ್ನು ನೀನು ನೋಡಬೇಕು. ಮೊಟ್ಟೆ, ಗಂಜಿ, ಸೊಪ್ಪು, ಏನು ಕೊಟ್ಟರೂ ಸದ್ದಿಲ್ಲದೆ ಒಳಗೆ. ಚಿಕ್ಕವಳಿದ್ದಾಗ ಸೊಪ್ಪು ಕಂಡರೆ ಮಂಚದ ಕೆಳಗೆ ಸೇರುತ್ತಿದ್ದವಳು ಇವಳೇನಾ ಎನ್ನುತ್ತೀಯ. ಗುಂಡಮ್ಮನಿಗೆ ನನ್ನ ಹಾಲಿನ ಜೊತೆಗೆ, ತೂಕ ಏರಲೆಂದು ಮೇಡಂ ಹದ ಹೇಳಿಕೊಟ್ಟ ಪುಡಿಹಾಲೂ ಇದೆ. ಪರದೆ ಎಳೆದು, ಬಟ್ಟೆಯಲ್ಲಿ ಸುತ್ತಿ, ಸ್ವಲ್ಪಸ್ವಲ್ಪವೇ ಕುಡಿಸುತ್ತೇನೆ. ನಿನ್ನೆ ಕುಡಿದು ತೇಗಿದ ಸದ್ದಿಗೆ ಪಕ್ಕದ ಹಾಸಿಗೆಯವಳು ಬೆಚ್ಚಿಬಿದ್ದಳು.

ಮಾತ್ರೆ ನಿಲ್ಲಿಸು ಎಂದು ಇನ್ನು ಮೇಲೆ ನನಗೆ ಹೇಳಬೇಡ. ನಿಲ್ಲಿಸುವುದಿಲ್ಲ. ಈ ಹಠ ಯಾರಿಂದ ಬಂತು ಎಂದೂ ಕೇಳಬೇಡ, ಅಪ್ಪನನ್ನು ಕೇಳಿದರೆ ಬೆರಳು ನಿನ್ನ ಕಡೆಗೇ ತೋರಿಸುತ್ತಾರೆ. ಬರುವುದಾದರೆ ಅವಳನ್ನು ಕರೆದೊಯ್ಯಲು ಬರಬೇಡ. ನಾನು ಉಣ್ಣುವಾಗ ಅವಳನ್ನು ಎತ್ತಿಕೊಳ್ಳಲು ಬಾ.

ನಿನ್ನ
ಮೊಂಡಿ

ತಾ.ಕ.: ನಾಳೆ ತೂಕ ಏರದೇ ಹೋದರೆ ನಾನು ಜಗಳ ಮಾಡುವುದಿಲ್ಲ. ನಾನೇ ಅವಳನ್ನು ಸುತ್ತಿ ನಿನ್ನ ಕೈಗೆ ಕೊಡುತ್ತೇನೆ. ಅವಳಿಗೆ ಜೋರು ಬೆಳಕು ಆಗದು, ಟಿವಿ ಹಾಕಬೇಡ. ಪುಡಿಹಾಲಿಗೆ ನೀರು ಹೆಚ್ಚು ಸುರಿಯಬೇಡ. ಬಾಟಲಿ ಬಾಯಿಗೆ ತುರುಕಬೇಡ, ನಿಲ್ಲಿಸಿ ನಿಲ್ಲಿಸಿ ಕುಡಿಯುತ್ತಾಳೆ, ಕಾಯಬೇಕು. ಕುಡಿಯುತ್ತಲೇ ಕಣ್ಣು ಬಿಟ್ಟು ನನ್ನನ್ನು ಹುಡುಕುತ್ತಾಳೆ. ಆಗ ಇನ್ನಷ್ಟು ಹತ್ತಿರ ಹಿಡಿದುಕೋ. ನಿನ್ನ ಮೈಯ ವಾಸನೆಯೇ ನನಗೂ ಇದೆ ಎಂದು ಅಪ್ಪ ಹೇಳುತ್ತಿರುತ್ತಾರೆ.