ದಕ್ಕೆಯ ತುದಿಯಲ್ಲಿ ಅಪ್ಪ ಎತ್ತಿದ ಕೈ

ಗ್ರೆನಸೆ ದ್ವೀಪ,
ಏಪ್ರಿಲ್ 20, ಸೋಮವಾರ

ಪ್ರೀತಿಯ ತಮ್ಮಾ ರೂರಿ,

ಹೇಗಿದ್ದೀಯ? ಎದೆಯ ಕಫ ಇಳಿಯಿತೇ? ಆ ಶನಿವಾರ ಫೆರಿಯ ಮೇಲೆ ಬರಿತಲೆಯಲ್ಲಿ ಅಷ್ಟು ಹೊತ್ತು ನೆನೆದಿದ್ದೆಯಲ್ಲ, ಅದೇ ಚಿಂತೆ. ಫೋನು ಎತ್ತುತ್ತಿಲ್ಲ, ಕಾಗದವನ್ನಾದರೂ ಒಡೆಯುತ್ತೀಯೆಂದು ಬರೆಯುತ್ತಿದ್ದೇನೆ. ಇಲ್ಲಿ ಕುರಿಗಳು ಮರಿ ಹಾಕುತ್ತಿವೆ. ಅಮ್ಮ ಸಾಕಿದ ಕಪ್ಪುಮೋರೆಯ ಮುದಿ ಕುರಿಗೆ ಅವಳಿ.

ಅಮ್ಮನನ್ನು ಮಣ್ಣುಮಾಡಿದ ದಿನ ನೀನು ಫೆರಿಯಿಂದ ಕಂಡದ್ದು ಅರ್ಧ ಮಾತ್ರ. ಊರೆಲ್ಲ ಕಪ್ಪು ಬಟ್ಟೆಯಲ್ಲಿ ದಕ್ಕೆಯ ಮೇಲೆ ನಿನಗಾಗಿ ಕಾದಿತ್ತು. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಹುರಿಗಳಲ್ಲಿ ತಲೆಭಾಗದ್ದು ಮಗನದು, ಅದನ್ನು ನಿನಗೆಂದೇ ಬಿಟ್ಟಿದ್ದೆವು. ಫೆರಿ ಕಂಡೊಡನೆ ಮುದುಕ ಲಾಕಿ, "ಅಗೋ ನಮ್ ರೂರಿ! ಟೋಪಿ ಮರ್ತು ಬಂದಿದಾನೆ, ಅವರಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ಲು," ಅಂದ. ಅಳುತ್ತಿದ್ದವರೂ ನಕ್ಕರು. ಫೆರಿಗೆ ಸನ್ನೆ ಮಾಡಿ ಹಗ್ಗ ಹಿಡಿದು ದಕ್ಕೆಗೆ ಕಟ್ಟುವ ತನ್ನ ಕೆಲಸವನ್ನು ಅಪ್ಪ ಅಂದೂ ಬೇರೆಯವರಿಗೆ ಬಿಡಲಿಲ್ಲ. "ನನ್ ಮಗನ್ನ ನಾನೇ ಇಳಿಸ್ಕೊಳ್ತೀನಿ" ಅಂದಿದ್ದ.

ಎರಡು ಸಲ ಫೆರಿ ಹತ್ತಿರ ಬಂತು, ಎರಡು ಸಲವೂ ಅಲೆ ಅದನ್ನು ಕಲ್ಲಿನತ್ತ ಎಸೆಯಿತು. ನಮ್ಮ ದಕ್ಕೆ ಕಟ್ಟಿದ್ದು ಹಳೆಯ ಸಣ್ಣ ಫೆರಿಗೆ. ಅದು ರಿಪೇರಿಗೆ ಹೋಗಿದೆ. ಬದಲಿಗೆ ಬಂದ ಈ ದೊಡ್ಡದು ಗಾಳಿ ಎದ್ದರೆ ಇಲ್ಲಿ ನಿಲ್ಲದು. ಇದನ್ನು ಯಾರಿಗೆ ಹೇಳಿಲ್ಲ? ನಾನು ಸ್ಕೂಲಿನಲ್ಲಿದ್ದಾಗಲೇ ಸರ್ಕಾರದ ಸೂಟುಧಾರಿಗಳು ಬಂದು ಹೊಸ ದಕ್ಕೆಯ ಬಣ್ಣದ ನಕ್ಷೆ ಹಾಸಿದ್ದರು. ಅಮ್ಮ ಎದ್ದು, "ಸ್ವಾಮಿ, ಸ್ವರ್ಗ ತೋರ್ಸೋಕೆ ನಮಗೆ ಪಾದ್ರಿ ಇದಾರೆ. ನೀವು ಒಂದಿಷ್ಟು ಕಲ್ಲು ಹಾಕ್ಸಿ ಸಾಕು," ಅಂದಿದ್ದಳು. ರೋಮಿನ ಚಕ್ರವರ್ತಿಯೊಬ್ಬ ತನ್ನ ಆಯುಷ್ಯದಲ್ಲೇ ಬಂದರು ಕಟ್ಟಿ ಮುಗಿಸಿದನೆಂದು ಓದಿದ್ದೇನೆ. ನಮ್ಮವರು ಚುನಾವಣೆಗೊಮ್ಮೆ ನಕ್ಷೆ ಹೊಸದು ಮಾಡುತ್ತಾರೆ.

ಮೂರನೆಯ ಸಲಕ್ಕೆ ಕ್ಯಾಪ್ಟನ್ ಅಪ್ಪನ ಸನ್ನೆಗೆ ಕಾದ. ಅಪ್ಪ ನಿನ್ನನ್ನು ನೋಡಿದ, ನೀರನ್ನು ನೋಡಿದ. ಎರಡೂ ಕೈಯನ್ನು ತಲೆಯ ಮೇಲೆ ಕತ್ತರಿಯಂತೆ ಎತ್ತಿದ: ವಾಪಸು ಹೋಗು. ಅಷ್ಟು ನಿನಗೆ ಕಂಡಿತು. ಫೆರಿ ಮರೆಯಾದ ಮೇಲೂ ಆ ಕೈ ಇಳಿಯಲಿಲ್ಲ; ನಾನೂ ಲಾಕಿಯೂ ಹಿಡಿದು ಇಳಿಸಿದೆವು. "ಕೂಸುಗಳಿದ್ವಮ್ಮ ಅದ್ರಲ್ಲಿ," ಅಂದ ಅಪ್ಪ.

ತೋಡಿದ ಗುಂಡಿಯನ್ನು ಭಾನುವಾರಕ್ಕೆ ತೆರೆದಿಡುವುದಿಲ್ಲ, ಭಾನುವಾರ ಫೆರಿಯೂ ಇಲ್ಲ, ಮಣ್ಣುಮಾಡುವುದೂ ಇಲ್ಲ, ನಿನಗೇ ಗೊತ್ತು; ಕಾಯಲಾಗದೆ ಅಂದೇ ಇಳಿಸಿದೆವು. ಅಪ್ಪ ತನ್ನ ಪಾಲಿನ ಹುರಿಯನ್ನು ಲಾಕಿಗೆ ಕೊಟ್ಟು ನಿನ್ನದನ್ನು ತಾನು ಹಿಡಿದ. "ಇದು ರೂರಿ ಪರವಾಗಿ," ಎಂದು ಆ ಗಾಳಿಯಲ್ಲೂ ಎಲ್ಲರಿಗೂ ಕೇಳುವಂತೆ ಕೂಗಿದ. ಅಂದು ಸಂಜೆಯೇ ನೀನು ಫೋನಿನಲ್ಲಿ ಅವನಿಗೆ, "ನಮ್ಮಮ್ಮನ ಹತ್ರ ಬರೋಕೆ ನೀನೇ ಬಿಡ್ಲಿಲ್ಲ" ಅಂದೆ. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಬೈಯಬೇಕೆಂದರೆ ಆ ನಕ್ಷೆಯವರನ್ನು ಬೈಯೋಣ, ಬಾ. ನನ್ನ ಬಳಿ ಬೈಗುಳ ಬೇಕಾದಷ್ಟು ಉಳಿದಿದೆ.

ಶೋನಾಳಿಗೆ ನೆನಪು ಹೇಳು, ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನೆಲ್ಲ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಎಫೀ

ಟಪಾಲಿನ ವ್ಯಾನು ಬಾಗಿಲಿಗೆ ಬಂದಿದೆ, ಮರೆತದ್ದನ್ನು ಬೇಗ ಬರೆಯುತ್ತೇನೆ: ಅಪ್ಪ ದಕ್ಕೆಯ ಕೆಲಸ ಬಿಟ್ಟ. ಗುರುವಾರದ ಫೆರಿಗೆ ನಿನ್ನ ಮನೆಗೆ ಹೊರಟಿದ್ದಾನೆ. ನಾನು ಬರೆದದ್ದು ಅವನಿಗೆ ತಿಳಿಯದು. ಚೀಲಕ್ಕೆ ನಾನು ಹಾಕಿದ ಪೈಜಾಮವನ್ನು ಎರಡು ಸಲ ತೆಗೆದಿಟ್ಟ. "ಅವನು ಬಾಗ್ಲು ತೆಗೀದಿದ್ರೆ ಅದೇ ಫೆರಿಗೆ ವಾಪಸ್ ಬರ್ತೀನಿ, ಸುಮ್ನೆ ಯಾಕೆ ಹೊರ್ಲಿ," ಅಂದ. ಅವನಿಗೆ ಆಗುವಂಥ ಪೈಜಾಮ ನಿನ್ನ ಹತ್ತಿರ ಇದೆಯಲ್ಲವೇ?