ಚಿಲಕ ಆಡಿದ ಮಾತು

ಜುಲೈ ೧೪, ಭಾನುವಾರ

ನನ್ನ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ಇಪ್ಪತ್ತು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೂತು ಬರೆದಿದ್ದೆ, ಹರಿದು ಹಾಕಿದ್ದೆ, ಮತ್ತೆ ಬರೆದಿದ್ದೆ. ಇದನ್ನು ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಳಿಸಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದೇನೆ. ಯಾಕೆಂದು ಓದುತ್ತಾ ಹೋದಂತೆ ತಿಳಿಯುತ್ತದೆ.

ಮೊದಲು ನಿನ್ನ ಮಗಳ ಸುದ್ದಿ. ನೀನು ಕೊಡಿಸಿದ ಶೂ ಆಗಲೇ ಬಿಗಿಯಾಗಿ ಬೆರಳು ಕಚ್ಚುತ್ತಿದೆ. ಸಂಜೆ ನಿನ್ನ ಭಾವನ ಜೊತೆ ಚದುರಂಗಕ್ಕೆ ಕೂರುತ್ತಾಳೆ. ಇವರು ಸೋಲುವ ಹಾಗಾದಾಗ ಕಾಯಿ ಮರೆಮಾಚುತ್ತಾರೆ, ಅವಳು ಕಂಡರೂ ಕಾಣದ ಹಾಗೆ ಇರುತ್ತಾಳೆ. ಊಟ, ಓದು ಎಲ್ಲ ಸರಿಯಾಗಿದೆ. ಆದರೆ ನಮ್ಮಲ್ಲಿಗೆ ಬಂದು ಎಂಟು ತಿಂಗಳಾದರೂ, ನನ್ನದೇ ತರಗತಿಯಲ್ಲಿ ಕೂತರೂ, ಎಬ್ಬಿಸಿ ನಿಲ್ಲಿಸಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಈ ವರ್ಷ ಮಕ್ಕಳಿಗೆ ಸಭೆಯಲ್ಲಿ ಮಾತಾಡುವುದನ್ನು ಕಲಿಸುವ ಕೆಲಸ ನನಗೆ ಬಿದ್ದಿದೆ. ಭಾಷಣ ಬರೆಸಿ ಬಾಯಿಪಾಠ ಮಾಡಿಸಿದರೆ ಗಿಳಿಗಳಾಗುತ್ತಾರೆ, ಅದಕ್ಕೇ ಆಟ ಆಡಿಸುತ್ತೇನೆ. ಚೆಂಡು ಎಸೆಯುವುದು, ಹಿಡಿದವರು ತಕ್ಷಣ ಒಂದು ವಾಕ್ಯ ಹೇಳುವುದು. ಹಿಂದಿನ ಗೋಡೆಗೆ ಕೇಳಿಸುವ ಹಾಗೆ, ಆದರೆ ಕಿರುಚದೆ, ಮಾತಾಡುವುದು. ಮೂರನೆಯ ಆಟ, ನಿಮ್ಮ ಮನೆಯ ಒಂದು ವಸ್ತುವೇ ನೀವಾಗಿ ಒಂದು ನಿಮಿಷ ಮಾತಾಡಿ ಎನ್ನುವುದು. ತಾನಲ್ಲ ಮಾತಾಡುತ್ತಿರುವುದು ಎಂದಾಗ ಮಕ್ಕಳಿಗೆ ಅರ್ಧ ಹೆದರಿಕೆ ಹೋಗುತ್ತದೆ.

ನಿನ್ನ ಕಾಗದ ಬಂದ ದಿನ ನಮ್ಮ ತರಗತಿಯ ಡುಮ್ಮ ದಿಂಬಾದ. "ಅಪ್ಪ ನನ್ನ ಮೇಲೆ ಜೊಲ್ಲು ಸುರಿಸ್ತಾರೆ, ಬೆಳಿಗ್ಗೆ ಎದ್ದು ಗಬ್ಬು ನಾರ್ತಿದೆ ಅಂತ ನನ್ನನ್ನೇ ಬೈತಾರೆ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆ ನಿನ್ನ ಮಗಳು ತಾನಾಗಿಯೇ ಕೈ ಎತ್ತಿದಳು. ನನಗಾದ ಸಂತೋಷ ಏನು ಹೇಳಲಿ.

ಅವಳು ಆಡಿದ್ದನ್ನು ಹಾಗೇ ಬರೆಯುತ್ತೇನೆ, ಒಂದಕ್ಷರವೂ ಮರೆತಿಲ್ಲ.

"ನಾನು ಮಲಗೋ ಕೋಣೆ ಬಾಗಿಲ ಚಿಲಕ. ಹಗಲು ನಂಗೆ ಕೆಲಸ ಇಲ್ಲ. ಹೊತ್ತು ಮುಳುಗಿದ ಮೇಲೆ ಸ್ಕೂಟರ್ ಸದ್ದು ಕೇಳಿದ ಕೂಡ್ಲೆ ಒಂದು ಕೈ ಬಂದು ನನ್ನ ಹಾಕುತ್ತೆ. ಬಿದ್ದಿದೆಯಾ ಅಂತ ಇನ್ನೊಂದ್ಸಲ ಎಳ್ದು ನೋಡುತ್ತೆ. ಆಚೆಯಿಂದ ಒದೀತಾರೆ. ನಾನು ಗಟ್ಟಿಯಾಗಿ ಹಿಡ್ಕೋತೀನಿ, ಆದ್ರೆ ನಂಗಿರೋದು ನಾಲ್ಕೇ ಸ್ಕ್ರೂ. ಒಂದಿನ ಎರಡು ಕಿತ್ಕೊಂಡು ಬಂತು. ಮಾರನೇ ದಿನ ಅದೇ ಕೈ ಚಾಕು ತುದೀಲಿ ತಿರುಗಿಸಿ ನನ್ನ ಸರಿಮಾಡ್ತು. ಕೈಗೆ ಬಟ್ಟೆ ಸುತ್ಕೊಂಡಿತ್ತು. ಕೋಣೇಲಿ ಒಬ್ಳು ಹುಡುಗಿ ಇದಾಳೆ. ನಿದ್ದೆ ಬಂದೋಳ ಥರ ಮಲಗಿರ್ತಾಳೆ. ಅವಳು ಎದ್ದಿರೋದು ನಂಗೊಬ್ಬನಿಗೇ ಗೊತ್ತು."

ಕತ್ತು ನೆಟ್ಟಗೆ, ನೋಟ ಎದುರಿಗೆ, ದನಿ ಹಿಂದಿನ ಗೋಡೆಯವರೆಗೆ. ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. "ಮಿಸ್, ಇವಳಿಗೇ ಫಸ್ಟು" ಎಂದ ಡುಮ್ಮ. ನಾನು ಹತ್ತಕ್ಕೆ ಹತ್ತು ಬರೆದೆ, ಗುಬ್ಬಿ. ಅಂಕಪಟ್ಟಿ ಕೈಯಲ್ಲಿತ್ತು, ಇನ್ನೇನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಶಿಕ್ಷಕರ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮನೆಗೆ ನಡೆದು ಬರುವಾಗ ನನ್ನ ಕೈ ಹಿಡಿದುಕೊಂಡಳು.

"ದೊಡ್ಡಮ್ಮ, ಅದು ಬರೀ ಆಟ. ಅಮ್ಮಂಗೆ ಬರೀಬೇಡಿ."

"ಯಾಕಮ್ಮಾ?"

"ನಾನು ನಿದ್ದೆ ಮಾಡ್ತಿದ್ದೆ ಅಂತ ಅಮ್ಮ ಅನ್ಕೊಂಡಿದಾಳೆ. ಹಾಗೇ ಅನ್ಕೊಂಡಿರ್ಲಿ."

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ಅವಳು ತರಗತಿಯಲ್ಲಿ ಮತ್ತೆ ಬಾಯಿ ಬಿಟ್ಟಿಲ್ಲ. ಚೆಂಡು ಕೈಗೆ ಬಂದರೆ ಸುಮ್ಮನೆ ಪಕ್ಕದವಳಿಗೆ ದಾಟಿಸುತ್ತಾಳೆ. ಇಪ್ಪತ್ತು ದಿನ ಕೊಟ್ಟ ಮಾತು ಉಳಿಸಿಕೊಂಡೆ, ಇವತ್ತು ಮುರಿಯುತ್ತಿದ್ದೇನೆ. ಅವಳು ನನ್ನನ್ನು ಕ್ಷಮಿಸದಿದ್ದರೂ ಸರಿ.

ನಿನ್ನ ಭಾವನಿಗೆ ಹೇಳಿದೆ. ಅವರು ಎದ್ದು ಪಕ್ಕದ ಕೋಣೆಯಿಂದ ತಮ್ಮ ಪುಸ್ತಕ, ಹಳೇ ರೇಡಿಯೊ, ಹೊಲಿಗೆ ಮಿಷನ್ನು ಎಲ್ಲ ಹೊರಗೆ ಸಾಗಿಸಿದರು. ಒಂದು ಮಂಚ ಹಾಕಿದರು. "ಬರ್ಲಿ ನಿನ್ನ ತಂಗಿ. ಬಂದ ಮೇಲೆ ಏನೂ ಕೇಳೋಕೆ ಹೋಗ್ಬೇಡ. ತಾನಾಗೇ ಹೇಳಿದ್ರೆ ಕೇಳು" ಎಂದರು.

ಬರುವ ಶನಿವಾರ ಮಧ್ಯಾಹ್ನ ಊಟದ ಬಿಡುವಿನ ಹೊತ್ತಿಗೆ ನಾವಿಬ್ಬರೂ ನಿನ್ನ ಅಂಗಡಿಗೆ ಬರುತ್ತೇವೆ. ಉಟ್ಟ ಬಟ್ಟೆಯಲ್ಲಿ ಬಂದುಬಿಡು. ಸಾಮಾನು, ಕಾಗದಪತ್ರ ಎಲ್ಲ ಆಮೇಲೆ ನೋಡಿಕೊಳ್ಳೋಣ. ಆಗುವುದಿಲ್ಲ ಎಂದರೆ ಬೈಯುವುದಿಲ್ಲ, ಅದರ ಮುಂದಿನ ಶನಿವಾರ ಮತ್ತೆ ಬರುತ್ತೇವೆ.

ನಿನ್ನ ಮೈಗೆ ಇನ್ನೊಂದು ಗೀರೂ ಬೀಳದಿರಲಿ ಎಂದು ಹಾರೈಸುತ್ತಾ,

ನಿನ್ನ ಅಕ್ಕ

ತಾ.ಕ.: ಮಗಳಿಗೆ ಎರಡು ವರ್ಷವಿದ್ದಾಗ ಒಂದು ಬೆಳಿಗ್ಗೆ ನೀನು ಹೇಳದೆ ಕೇಳದೆ ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದಿದ್ದೆ. "ಅಕ್ಕ, ಒಂದು ಮಾತು ಹೇಳ್ಬೇಕಿತ್ತು" ಎಂದೆ. ನಾನು ಯಾವುದೋ ಸ್ಪರ್ಧೆಗೆ ಭಾಷಣ ತಿದ್ದುತ್ತಾ ಕೂತಿದ್ದೆ. ತಲೆ ಎತ್ತದೆ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ" ಎಂದು ನಕ್ಕು, ಸಂಜೆ ನಾನೇ ನಿನ್ನನ್ನು ಬಸ್ಸು ಹತ್ತಿಸಿದೆ. ನನಗೆ ಏನೂ ಗೊತ್ತಿರಲಿಲ್ಲ ಎಂದು ನೀನು ಇಷ್ಟು ವರ್ಷ ನಂಬಿರಬಹುದು. ನೀನು ಬಾಗಿಲಲ್ಲಿ ನಿಂತಾಗ, ಹಾಳೆಯತ್ತ ತಲೆ ಬಗ್ಗಿಸುವ ಮೊದಲು, ನಿನ್ನ ಕುತ್ತಿಗೆಯ ಮೇಲಿದ್ದ ನಾಲ್ಕು ಬೆರಳಿನ ಗುರುತನ್ನು ನಾನು ನೋಡಿದ್ದೆ.