ಅಂಕಿಯಿಲ್ಲದ ಲೆಕ್ಕ

ಮಂಗಳವಾರ, ೧೮ ನವೆಂಬರ್ ೨೦೨೫

"ಕೂಡೋದಾ ಮಿಸ್, ಕಳೆಯೋದಾ?" ಶೆಟ್ಟಿಕೆರೆಯ ಈ ಶಾಲೆಗೆ ಬಂದಾಗಿನಿಂದ ಇದೊಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಮೂರನೇ ಕ್ಲಾಸಿನ ನನ್ನ ಮಕ್ಕಳು ಲೆಕ್ಕವನ್ನು ಓದುವುದೇ ಇಲ್ಲ. 'ಕೊಟ್ಟ' ಅಂತ ಕಂಡರೆ ಸಾಕು, ಕಳೆದುಬಿಡುತ್ತಾರೆ.

ಇವತ್ತು ರೇಗಿಹೋಗಿ ಬೋರ್ಡಿನ ಮೇಲೆ ಒಂದಂಕಿಯನ್ನೂ ಬರೆಯಲಿಲ್ಲ. ಬಾಯಲ್ಲೇ ಒಂದು ಲೆಕ್ಕ ಹೇಳಿದೆ: ಹುಚ್ಚರಂಗಯ್ಯ ಅಟ್ಟದ ಮೇಲಿದ್ದ ತೆಂಗಿನಕಾಯಿಗಳಲ್ಲಿ ಒಂದಷ್ಟನ್ನು ತವರಿಗೆ ಬಂದ ತಂಗಿಗೆ ಕೊಟ್ಟ. ಒಂದಷ್ಟು ಉಳಿದವು. ಮೊದಲು ಎಷ್ಟಿದ್ದವು ಅಂತ ತಿಳಿಯಲು ಏನು ಮಾಡಬೇಕು?

"ಅಂಕಿನೇ ಇಲ್ವಲ್ಲ ಮಿಸ್, ಏನ್ ಕಳೆಯೋದು?" ಅಂದ ಮಹಾಂತೇಶ. ಕ್ಲಾಸಿನ ಲೀಡರ್ ಅವನು, ಎಲ್ಲದಕ್ಕೂ ಮೊದಲು ಬಾಯಿ ಬಿಡುವವನು.

ಹಿಂದಿನ ಸಾಲಿನಲ್ಲಿ ನಿಸರ್ಗ ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಏನನ್ನೋ ಮೇಲಕ್ಕೆ ಎತ್ತಿಡುತ್ತಿದ್ದಳು. ಜೂನ್‌ನಿಂದ ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನದ ಹುಡುಗಿ. ಇವಳಿಗೆ ಲೆಕ್ಕ ಹತ್ತುವುದಿಲ್ಲ ಅಂತ ನಾನೇ ಕೈಬಿಟ್ಟಿದ್ದೆ.

"ಕೊಟ್ಟಿದ್ ಕಾಯ್ನೆಲ್ಲ ವಾಪಸ್ ಈಸ್ಕಂಡು ಅಟ್ಟುಕ್ಕೆ ಏರಿಸ್ಬುಟ್ರೆ ಗೊತ್ತಾಯ್ತದೆ ಮಿಸ್. ಕೂಡ್ಬೇಕು," ಅಂದಳು.

ಮಹಾಂತೇಶ ಸುಮ್ಮನಿರುತ್ತಾನೆಯೇ? "ತಂಗಿಗೆ ಕೊಟ್ಟಿದ್ನ ಯಾರಾದ್ರೂ ವಾಪಸ್ ಈಸ್ಕತಾರಾ? ಮರ್ಯಾದೆ ಹೋಯ್ತದೆ!"

"ಲೆಕ್ಕದಾಗೆ ಈಸ್ಕಬೋದು ಕಣ್ಲಾ," ಅಂದಳು ನಿಸರ್ಗ. "ಎಣಿಸ್ಬುಟ್ಟು ತಿರ್ಗಾ ಕೊಟ್ರಾಯ್ತು."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಮಹಾಂತೇಶನೂ. ಸಂಜೆ ಮನೆಗೆ ಬರುವಾಗ ತಿಪಟೂರಿನ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದುದನ್ನು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ನೋಡಲಿ.

ಈಗ ಬರೆಯುತ್ತಾ ನೆನಪಾಯಿತು, ಆ ಲೆಕ್ಕಕ್ಕೆ ಕೊನೆಗೂ ನಾನು ಅಂಕಿ ಹಾಕಲೇ ಇಲ್ಲ. ಒಬ್ಬರೂ ಕೇಳಲಿಲ್ಲ.